ಇಫ್ ಭಾಗದಲ್ಲಿ ವಿಲ್ ಯಾಕೆ ಬೇಡ?

ಇಂಗ್ಲಿಷ್‌ನಲ್ಲಿ "ಇಫ್ ಇಟ್ ವಿಲ್ ರೇನ್ ಟುಮಾರೊ, ಐ ವಿಲ್ ಸ್ಟೇ ಹೋಮ್" ಯಾಕೆ ತಪ್ಪು ಅಂತ ಕೇಳಿದ್ದೀರಿ. ಮಳೆ ನಾಳೆಯದೇ ಆದರೂ ಷರತ್ತಿನ (ಇಫ್) ಭಾಗದಲ್ಲಿ ವರ್ತಮಾನ ಕಾಲವೇ ಬರಬೇಕು: "ಇಫ್ ಇಟ್ ರೇನ್ಸ್". ವಿಲ್ ಇರುವುದು ಫಲಿತಾಂಶದ ಭಾಗದಲ್ಲಿ ಮಾತ್ರ. ಇದು ಫಸ್ಟ್ ಕಂಡೀಷನಲ್, ಅಂದರೆ ಮುಂದೆ ಆಗಬಹುದಾದ ಸಂಗತಿಗೆ ಬಳಸುವ ಷರತ್ತಿನ ವಾಕ್ಯ. (ರೇನ್ಸ್‌ನ ಕೊನೆಯ ಎಸ್ ಬಿಡಬೇಡಿ, ಬಹಳ ಜನ ಅಲ್ಲೇ ಎಡವುತ್ತಾರೆ.)

ಯಾವಾಗಲೂ ನಿಜವಾಗುವ ಸಂಗತಿಗೆ ಝೀರೊ ಕಂಡೀಷನಲ್, ಎರಡೂ ಕಡೆ ವರ್ತಮಾನ: "ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್". ಕನ್ನಡದಲ್ಲಿ "ಕಾಯಿಸಿದರೆ ಕರಗುತ್ತದೆ", "ಮಳೆ ಬಂದರೆ ಮನೆಯಲ್ಲಿರುತ್ತೇನೆ" ಎರಡಕ್ಕೂ ಒಂದೇ ರೂಪ, ಗೊಂದಲದ ಮೂಲ ಅದೇ. ಇಫ್ ಬದಲು ವೆನೆವರ್ (ಯಾವಾಗಲೆಲ್ಲ) ಹಾಕಿ ನೋಡಿ. ಅರ್ಥ ಕೆಡದಿದ್ದರೆ ಝೀರೊ; "ವೆನೆವರ್ ಇಟ್ ರೇನ್ಸ್ ಟುಮಾರೊ" ಸರಿಹೋಗದು, ಹಾಗಾಗಿ ಅದು ಫಸ್ಟ್.