ಸೆಕೆಂಡ್ ಪಿಯು ಮುಗಿಸಿ ಐಎಸ್‌ಐ ಬೆಂಗಳೂರಿನ ಬಿ.ಮ್ಯಾಥ್ ಆನರ್ಸ್‌ಗೆ ಸೇರೋದು ಹೇಗೆ?

ದಾವಣಗೆರೆಯಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೀರಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಒಲಿಂಪಿಯಾಡ್ ಗಿಲಿಂಪಿಯಾಡ್ ಯಾವುದನ್ನೂ ಬರೆದಿಲ್ಲ. ನನಗೆ ಸೀಟು ಸಿಗುತ್ತಾ ಅಂತ ಕೇಳಿದ್ದೀರಿ.

ಸಿಗಬಹುದು. ಐಎಸ್‌ಐ ಅಂದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಬಿ.ಮ್ಯಾಥ್ ಅಲ್ಲಿನ ಗಣಿತ ಪದವಿ. ನಾನು ಮೈಸೂರು ರಸ್ತೆಯ ಆ ಕ್ಯಾಂಪಸ್‌ನಲ್ಲೇ ಓದಿದವನು. ಐಎನ್‌ಎಂಒ ಅನ್ನುವ ರಾಷ್ಟ್ರಮಟ್ಟದ ಗಣಿತ ಒಲಿಂಪಿಯಾಡ್‌ನಲ್ಲಿ ಪ್ರಶಸ್ತಿ ಪಡೆದವರನ್ನು ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಕರೆಯುತ್ತಾರೆ, ನಿಜ. ಆದರೆ ಅಂಥವರು ಕೆಲವರಷ್ಟೇ. ಉಳಿದವರೆಲ್ಲ ಪರೀಕ್ಷೆ ಬರೆದೇ ಒಳಗೆ ಬಂದವರು. ನಿಮ್ಮ ಸಿಇಟಿ, ಜೆಇಇ ರ‍್ಯಾಂಕ್ ಇಲ್ಲಿ ಲೆಕ್ಕಕ್ಕೇ ಇಲ್ಲ.

ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಒಂದೇ ದಿನ ಎರಡು ಪೇಪರ್, ಎರಡೆರಡು ಗಂಟೆ. ಮೊದಲನೆಯದರಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕುವ 30 ಪ್ರಶ್ನೆ. ಸರಿಯಾದರೆ 4, ತಪ್ಪಾದರೆ 0, ಬಿಟ್ಟರೆ 1 ಅಂಕ. ಹೌದು, ಬಿಟ್ಟಿದ್ದಕ್ಕೂ ಅಂಕ! ಕಣ್ಣುಮುಚ್ಚಿ ಒಂದಕ್ಕೆ ಟಿಕ್ ಹಾಕಿದರೆ ಸರಾಸರಿ ಸಿಗೋದೂ ಅದೇ 1. ಹಾಗಾಗಿ ಸುಮ್ನೆ ಊಹೆ ಮಾಡಿ ಪ್ರಯೋಜನವಿಲ್ಲ. ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಮಾತ್ರ ಉಳಿದ ಮೂರರಲ್ಲಿ ಊಹಿಸಿ. ಸಂಖ್ಯಾಶಾಸ್ತ್ರದವರು ಮಾಡಿದ ಪೇಪರ್ ಅಲ್ವಾ, ಅದರಲ್ಲೂ ಒಂದು ಲೆಕ್ಕ ಇಟ್ಟಿದ್ದಾರೆ.

ನಮ್ಮ ಪಿಯು ಮಕ್ಕಳು ಎಡವೋದು ಎರಡನೇ ಪೇಪರ್‌ನಲ್ಲಿ. ಅಲ್ಲಿರೋದು 8 ಪ್ರಶ್ನೆ, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಸಿಲಬಸ್ ಪಿಯುನದ್ದೇ, ಕೇಳುವ ರೀತಿ ಬೇರೆ. ಈ ಜಾತಿಯ ಒಂದು ಹಳೆಯ ಲೆಕ್ಕ ನೋಡಿ: n 1ಕ್ಕಿಂತ ದೊಡ್ಡ ಪೂರ್ಣಸಂಖ್ಯೆಯಾದರೆ n⁴ + 4ⁿ ಎಂದೂ ಅವಿಭಾಜ್ಯ ಆಗಲ್ಲ ಅಂತ ಸಾಧಿಸಿ. n = 3 ಹಾಕಿದರೆ 145, ಅಂದರೆ 5 × 29. n = 5 ಹಾಕಿದರೆ 1649, ಅಂದರೆ 17 × 97. ಹೀಗೆ ಹತ್ತು ಉದಾಹರಣೆ ಕೊಟ್ಟರೂ ಅದು ಸಾಧನೆಯಲ್ಲ. n ಸಮಸಂಖ್ಯೆಯಾದರೆ ಮೊತ್ತವೂ ಸಮ, ಅಲ್ಲಿಗೆ ಮುಗೀತು. n = 2k + 1 ಆದರೆ b = 2ᵏ ಅಂತ ಇಟ್ಟುಕೊಳ್ಳಿ. ಮೊತ್ತ n⁴ + 4b⁴ ಆಗುತ್ತೆ. ಅದನ್ನು (n² + 2nb + 2b²)(n² − 2nb + 2b²) ಅಂತ ಒಡೆಯಬಹುದು. ಇಲ್ಲಿಗೇ ಪೆನ್ನು ಕೆಳಗಿಡಬೇಡಿ. ಎರಡನೇ ಅಪವರ್ತನ 1 ಆಗಿಬಿಟ್ಟರೆ? ಅದು (n − b)² + b², b ಕನಿಷ್ಠ 2, ಹಾಗಾಗಿ 1 ಆಗಲ್ಲ. ಆ ಕೊನೇ ಸಾಲು ಬರೆಯುವ ಅಭ್ಯಾಸ ಕೋಚಿಂಗ್ ಕ್ಲಾಸಲ್ಲಿ ಬರೋದು ಕಮ್ಮಿ. ದಿನಕ್ಕೆ ಒಂದೇ ಲೆಕ್ಕವಾದರೂ ಪೂರ್ತಿ ಬರೆದು, ಗಣಿತ ಚೆನ್ನಾಗಿ ಬರುವ ಯಾರಿಗಾದರೂ ತೋರಿಸಿ. ಹಳೆಯ ಪೇಪರ್‌ಗಳು ಐಎಸ್‌ಐ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತವೆ.

ಲಿಖಿತ ಪರೀಕ್ಷೆ ದಾಟಿದವರಿಗೆ ಸಂದರ್ಶನ. ನನಗೆ ಕೇಳಿದ್ದು: ಪ್ರತಿಯೊಂದು ಬೆಲೆಯನ್ನೂ ಸರಿಯಾಗಿ ಎರಡೇ ಸಲ ತೆಗೆದುಕೊಳ್ಳುವ, ಎಲ್ಲೂ ತುಂಡಾಗದ ಗ್ರಾಫ್ ಬರೆಯಕ್ಕಾಗುತ್ತಾ? ನಾನು ಪ್ಯಾರಾಬೊಲಾ ಬರೆದೆ. "ತುದಿಯಲ್ಲಿ?" ಅಂದರು. ಅಲ್ಲಿ ಒಂದೇ ಸಲ! ಆಮೇಲೆ ಅವರೇ ಸುಳಿವು ಕೊಡುತ್ತಾ ಹೋದರು, ಅಂಥ ಗ್ರಾಫ್ ಸಾಧ್ಯವೇ ಇಲ್ಲ ಅನ್ನೋವರೆಗೆ ಬಂದೆ. ಅವರು ನೋಡೋದು ಸುಳಿವು ಸಿಕ್ಕಾಗ ನಿಮ್ಮ ತಲೆ ಹೇಗೆ ಓಡುತ್ತೆ ಅನ್ನೋದನ್ನ. ಇಂಗ್ಲಿಷ್ ತಡವರಿಸಿದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಮನೆಯಲ್ಲಿ "ಇಂಜಿನಿಯರಿಂಗ್ ಬಿಟ್ಟು ಇದೇನು?" ಅನ್ನುತ್ತಾರೆ, ಅನ್ನಲಿ. ಬೋಧನಾ ಶುಲ್ಕ ಇಲ್ಲ ಅಂತ ಹೇಳಿ. ನಾನಿದ್ದಾಗ ತಿಂಗಳಿಗೆ 5,000 ರೂಪಾಯಿ ಸ್ಟೈಪೆಂಡ್ ಕೊಡುತ್ತಿದ್ದರು. ಮಾರ್ಕ್ಸ್ ಬಿದ್ದರೆ ಅದಕ್ಕೂ ಕತ್ತರಿ, ಅದನ್ನೂ ಹೇಳಿಬಿಡಿ.

ಇನ್ನೊಂದು, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ನೀವು ಒಬಿಸಿ ಆಗಿದ್ದರೆ ಸಿಇಟಿಗೆ ಕೊಡುವ 2ಎ, 3ಎ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ. ಕೇಂದ್ರ ಸರ್ಕಾರದ ನಮೂನೆಯ, ಕೆನೆಪದರದಲ್ಲಿಲ್ಲ ಅಂತ ಬರೆದಿರುವ ಸರ್ಟಿಫಿಕೇಟ್ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಪಿಯು ಪರೀಕ್ಷೆ ಶುರುವಾಗೋ ಮೊದಲೇ ಆ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿಬಿಡಿ.