ಹೆದ್ದಾರಿಯೇ ಕಾಲುದಾರಿಯಾದ ಊರಿನಲ್ಲಿ ನಡೆಯುವುದು ಹೇಗೆ?

ಪ್ರಶ್ನೆ: ಸುಂಟಿಕೊಪ್ಪ ಮತ್ತು ಮಡಿಕೇರಿ ನಡುವೆ ಹೆದ್ದಾರಿಗೆ ತಾಗಿಕೊಂಡ ತೋಟದಲ್ಲಿ ನಮ್ಮ ಮನೆಯಿದೆ. ಮಗಳು ಶಾಲೆಯ ಬಸ್ ಹಿಡಿಯಲು ಬೆಳಿಗ್ಗೆ ಮತ್ತು ಸಂಜೆ ಒಂದೂವರೆ ಕಿಲೋಮೀಟರ್ ದೂರವನ್ನು ಹೆದ್ದಾರಿಯ ಅಂಚಿನಲ್ಲಿಯೇ ನಡೆಯಬೇಕು. ತೋಟದ ಲೈನ್‌ಮನೆಗಳಲ್ಲಿ (ಸಾಲುಮನೆಗಳಲ್ಲಿ) ಇರುವ ಕೆಲಸಗಾರರಿಗೂ ಅದೇ ದಾರಿ. ವಾರಾಂತ್ಯದಲ್ಲಿ ಬರುವ ಕಾರುಗಳ ವೇಗವನ್ನು ಕಂಡರೆ ಎದೆ ನಡುಗುತ್ತದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬೈಕು, ಆಟೊಗಳನ್ನೇ ನಿಷೇಧಿಸಿರುವಾಗ ಇಲ್ಲಿಯೂ ನಡೆಯುವವರನ್ನು ಹೆದ್ದಾರಿಗೆ ಬಿಡಬಾರದೆಂದು ಪರಿಚಿತರೊಬ್ಬರು ವಾದಿಸುತ್ತಾರೆ. ಇದು ಸರಿಯೇ? ಮಗಳಿಗೆ ಯಾವ ಬದಿಯಲ್ಲಿ ನಡೆಯಲು ಹೇಳಬೇಕು?

ಉತ್ತರ: ಮೊದಲು ನಿಷೇಧದ ಮಾತನ್ನು ಪರಿಶೀಲಿಸೋಣ. ಬೆಂಗಳೂರು–ಮೈಸೂರು ನಡುವಿನ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಮತ್ತು ಮೋಟಾರುರಹಿತ ವಾಹನಗಳನ್ನು ನಿಷೇಧಿಸಲಾಯಿತು. ವೇಗದ ಅಂತರ ಬಹಳವಾಗಿರುವ ವಾಹನಗಳು ಒಂದೇ ಪಥದಲ್ಲಿ ಸಾಗಿದರೆ ಪ್ರಾಣಕ್ಕೆ ಅಪಾಯ ಎಂಬ ತತ್ತ್ವ ಸರಿಯಾದದ್ದು. ಆದರೆ ಅಲ್ಲಿ ಆ ನಿಷೇಧವನ್ನು ಸಾಧ್ಯವಾಗಿಸಿದ್ದು ಪಕ್ಕದಲ್ಲಿರುವ ಸರ್ವಿಸ್ ರಸ್ತೆ. ಮುಖ್ಯ ಪಥದಿಂದ ಹೊರಗೆ ಕಳುಹಿಸಿದವರಿಗೆ ಹೋಗಲು ಇನ್ನೊಂದು ದಾರಿಯಿತ್ತು. ಅದೇ 275ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಕುಶಾಲನಗರವನ್ನು ದಾಟಿ ಕೊಡಗಿನ ಒಳಕ್ಕೆ ಬರುವಾಗ ವಿಭಜಕವಿಲ್ಲದ ಎರಡು ಪಥಗಳ ರಸ್ತೆಯಾಗಿರುತ್ತದೆ. ಒಂದು ಬದಿಯಲ್ಲಿ ಕಡಿದು ನಿಲ್ಲಿಸಿದ ಬರೆ (ಗುಡ್ಡದ ಮಣ್ಣಿನ ಗೋಡೆ), ಇನ್ನೊಂದು ಬದಿಯಲ್ಲಿ ಪ್ರಪಾತ ಅಥವಾ ತೋಟದ ಬೇಲಿ, ಇವೆರಡರ ನಡುವೆ ಡಾಂಬರು ಮತ್ತು ತೆರೆದ ಚರಂಡಿ. ಬೋಯಿಕೇರಿಯಲ್ಲಾಗಲಿ, ಕಾಟಕೇರಿಯಲ್ಲಾಗಲಿ, ಸಂಪಾಜೆಯ ಇಳಿಜಾರಿನಲ್ಲಾಗಲಿ ಹೆದ್ದಾರಿಯನ್ನು ಬಿಟ್ಟರೆ ಬಸ್ ನಿಲ್ದಾಣಕ್ಕೆ, ಅಂಗಡಿಗೆ, ಶಾಲೆಗೆ ಹೋಗಲು ಬೇರೆ ದಾರಿಯಿಲ್ಲದ ಮನೆಗಳು ಎಷ್ಟೋ ಇವೆ. ಇಲ್ಲಿ ನಡೆಯುವವರನ್ನು ನಿಷೇಧಿಸುವುದೆಂದರೆ ಅವರಿಗೆ ಮನೆಯಿಂದ ಹೊರಗೆ ಬರಬೇಡಿ ಎಂದು ಹೇಳಿದಂತೆ. ಆದ್ದರಿಂದ ನಿಮ್ಮ ಪರಿಚಿತರ ವಾದವನ್ನು ನಾನು ಒಪ್ಪುವುದಿಲ್ಲ. ಬೇರೆ ದಾರಿ ಕೊಡಲು ಆಗದ ಕಡೆ ವಾಹನದ ವೇಗವೇ ತಗ್ಗಬೇಕು. ವಿಷಯ ಇಷ್ಟು ನೇರವಾದದ್ದು.

ವೇಗವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒದ್ದೆಯಾದ ಡಾಂಬರಿನ ಮೇಲೆ ಒಂದು ಸಾಧಾರಣ ಕಾರಿನ ಲೆಕ್ಕವನ್ನು ತೆಗೆದುಕೊಳ್ಳಿ. ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು ಕಿಂಚಿತ್ತೂ ನಿಧಾನವಾಗದೆ ಮುಂದೆ ಹೋಗಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಅದು ಪೂರ್ತಿಯಾಗಿ ನಿಲ್ಲಲು ಅಂದಾಜು 32 ಮೀಟರ್, 60ರಲ್ಲಿದ್ದರೆ 60 ಮೀಟರ್, 80ರಲ್ಲಿದ್ದರೆ 96 ಮೀಟರ್ ಬೇಕಾಗುತ್ತದೆ. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಈಗ ನಿಮ್ಮ ಮಗಳು 60 ಮೀಟರ್ ಮುಂದೆ ರಸ್ತೆ ದಾಟುತ್ತಿದ್ದಾಳೆ ಎಂದುಕೊಳ್ಳಿ. 60ರ ವೇಗದಲ್ಲಿ ಬಂದ ಕಾರು ಅವಳ ಮುಂದೆ ಬಂದು ನಿಲ್ಲುತ್ತದೆ. 80ರ ವೇಗದಲ್ಲಿ ಬಂದ ಕಾರು ಬ್ರೇಕ್ ಹಾಕಿದ ಮೇಲೆಯೂ ಅದೇ ಜಾಗವನ್ನು ತಲುಪುವಾಗ ಇನ್ನೂ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿರುತ್ತದೆ. ಚಾಲಕನ ದೃಷ್ಟಿಯಲ್ಲಿ 20 ಕಿಲೋಮೀಟರ್‌ಗಳ ಸಣ್ಣ ವ್ಯತ್ಯಾಸವೆನಿಸಿದ್ದು ರಸ್ತೆಯಲ್ಲಿರುವವಳಿಗೆ ಬದುಕು ಸಾವಿನ ವ್ಯತ್ಯಾಸವಾಗುತ್ತದೆ. ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಸಂಭವ ಗಂಟೆಗೆ 50 ಕಿಲೋಮೀಟರ್ ವೇಗಕ್ಕಿಂತ 65ರಲ್ಲಿ ನಾಲ್ಕೂವರೆ ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುವವರು ಮತ್ತು ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವ ಕಡೆ ವೇಗ 30ನ್ನು ಮೀರಬಾರದೆಂಬ ಜಾಗತಿಕ ಸಲಹೆ ಬಂದಿರುವುದೂ ಇಂಥ ತಿಳಿವಳಿಕೆಯಿಂದಲೇ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಸತ್ತರು. ಅವರಲ್ಲಿ 32,825 ಜನರು ಪಾದಚಾರಿಗಳು. ಅಂದರೆ ಐವರಲ್ಲಿ ಒಬ್ಬರು ಯಾವ ವಾಹನದಲ್ಲಿಯೂ ಇರದವರು.

ಕೊಡಗಿನ ರಸ್ತೆಗಳಿಗೆ ಇದರ ಮೇಲೆ ತಮ್ಮದೇ ಆದ ತೊಡಕುಗಳಿವೆ. ವಿಶಾಲವಾದ ರಸ್ತೆಯಲ್ಲಿ ಗಂಟೆಗಟ್ಟಲೆ ವೇಗವಾಗಿ ಬಂದ ಚಾಲಕನಿಗೆ ಆಮೇಲೆ 70 ಕೂಡ ನಿಧಾನವೆನಿಸುತ್ತದೆ. ಕಣ್ಣು ಮತ್ತು ಕಾಲು ಆ ವೇಗಕ್ಕೆ ಒಗ್ಗಿಹೋಗಿರುತ್ತವೆ. ಮೈಸೂರು–ಕುಶಾಲನಗರ ನಡುವಿನ 92 ಕಿಲೋಮೀಟರ್ ಚತುಷ್ಪಥ ರಸ್ತೆಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾಗಿದೆ. ಅದು ಪೂರ್ತಿಯಾದ ದಿನ ಈ ಒಗ್ಗಿದ ವೇಗ ನೇರವಾಗಿ ನಮ್ಮ ಜಿಲ್ಲೆಯ ಬಾಗಿಲಿಗೆ ಬರುತ್ತದೆ. ಚತುಷ್ಪಥ ಮುಗಿಯುವ ಕಡೆ ವೇಗವನ್ನು ಇಳಿಸುವ ವ್ಯವಸ್ಥೆಯ ಬಗ್ಗೆ ಈಗಲೇ ಕೇಳಬೇಕು. ಮೊದಲ ಸಾವಿನ ನಂತರ ಕೇಳುವ ಪ್ರಶ್ನೆ ಇದಾಗಬಾರದು.

ಮಳೆಗಾಲದಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಜೂನ್‌ನಿಂದ ರಸ್ತೆಬದಿಯ ಕಾಡುಗಿಡಗಳು ಡಾಂಬರಿನ ಅಂಚಿನವರೆಗೆ ಬಾಗಿ, ಕಾಲಿಡಲು ಇದ್ದ ಒಂದಡಿ ಮಣ್ಣಿನ ಜಾಗವನ್ನೂ ಕಿತ್ತುಕೊಳ್ಳುತ್ತವೆ. ಗಾಳಿಗೆ ಎದುರಾಗಿ ಬಾಗಿಸಿ ಹಿಡಿದ ಕೊಡೆ ಎದುರಿನ ವಾಹನವನ್ನು ಮರೆಮಾಡುತ್ತದೆ. ಕೊಡೆಯ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಹಿಂದಿನಿಂದ ಬರುವ ವಾಹನದ ಸದ್ದು ಕೇಳುವುದಿಲ್ಲ. ಮಂಜು ಮುಸುಕಿದ ಸಂಜೆಯಲ್ಲಿ ಕಪ್ಪು ಕೊಡೆ, ಕಂದು ಜಾಕೆಟ್ ಮತ್ತು ಕಪ್ಪು ಗಂಬೂಟಿನಲ್ಲಿ ಸಾಲಾಗಿ ಮನೆಗೆ ಮರಳುವ ಕೆಲಸಗಾರರು ಚಾಲಕನಿಗೆ ಎಲ್ಲಕ್ಕಿಂತ ಕೊನೆಗೆ ಕಾಣುತ್ತಾರೆ. ರಾತ್ರಿ ತಗ್ಗಿಸಿದ ಹೆಡ್‌ಲೈಟಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟವರು ಕಾಣುವುದು ಹೆಚ್ಚೆಂದರೆ 30–40 ಮೀಟರ್ ದೂರಕ್ಕೆ. ಮೇಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ, ಒದ್ದೆ ರಸ್ತೆಯಲ್ಲಿ 40ಕ್ಕಿಂತ ವೇಗವಾಗಿ ಹೋಗುವವನು ಕಂಡ ಮೇಲೆ ನಿಲ್ಲಿಸಲಾರ ಎಂಬುದು ತಿಳಿಯುತ್ತದೆ.

ಇನ್ನು ಮಗಳ ವಿಷಯ. ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನಗಳಿಗೆ ಮುಖಮಾಡಿ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಬೇಕು. ಬರುತ್ತಿರುವುದನ್ನು ಕಂಡವರು ಪಕ್ಕಕ್ಕೆ ಸರಿಯಬಲ್ಲರು. ಆದರೆ ಬೆಟ್ಟದ ರಸ್ತೆಯಲ್ಲಿ ಈ ನಿಯಮಕ್ಕೆ ಒಂದು ಮುಖ್ಯವಾದ ವಿನಾಯಿತಿಯಿದೆ, ಇದನ್ನು ಮಕ್ಕಳಿಗೆ ರಸ್ತೆಯಲ್ಲಿಯೇ ನಿಂತು ತೋರಿಸಿಕೊಡಬೇಕು. ರಸ್ತೆ ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಬಲಬದಿಯೆಂದರೆ ತಿರುವಿನ ಒಳಮಗ್ಗುಲು. ಎದುರಿನ ವಾಹನಗಳು ಬರೆಯನ್ನು ಒರೆಸಿಕೊಂಡಂತೆ ಅಲ್ಲಿಯೇ ಬರುತ್ತವೆ, ಮತ್ತು ಆ ಬರೆಯೇ ಮಗುವನ್ನು ಚಾಲಕನಿಂದ ಮರೆಮಾಡಿರುತ್ತದೆ. ಅಂಥ ತಿರುವಿಗೆ ಸಾಕಷ್ಟು ಮೊದಲೇ, ಎರಡೂ ಕಡೆ ದೂರದವರೆಗೆ ಕಾಣುವ ಜಾಗದಲ್ಲಿ ಎಡಬದಿಗೆ ದಾಟಿ, ತಿರುವು ಮುಗಿದ ಮೇಲೆ ಮತ್ತೆ ಬಲಬದಿಗೆ ಬರಬೇಕು. ಬಸ್ಸಿನಿಂದ ಇಳಿದೊಡನೆ ಅದರ ಮುಂದಿನಿಂದಾಗಲಿ ಹಿಂದಿನಿಂದಾಗಲಿ ದಾಟಬಾರದು. ಬಸ್ಸು ಹೊರಟುಹೋಗಿ ರಸ್ತೆ ಎರಡೂ ಕಡೆ ಕಾಣುವವರೆಗೆ ಕಾಯಬೇಕು. ಕೊಡೆಯ ಅಂಚಿಗೆ, ಶಾಲೆಯ ಚೀಲಕ್ಕೆ ಮತ್ತು ಗಂಬೂಟಿನ ಹಿಮ್ಮಡಿಗೆ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಅಂಟಿಸಿ. ಹೆಡ್‌ಲೈಟ್ ಬಿದ್ದರೆ ಅದು ನೂರು ಮೀಟರ್‌ಗೂ ಹೆಚ್ಚು ದೂರದಿಂದ ಹೊಳೆಯುತ್ತದೆ. ಅದರ ಬೆಲೆಯೂ ಅಲ್ಪ.

ಆದರೂ ಎಷ್ಟೇ ಎಚ್ಚರಿಕೆಯ ಮಗುವಾದರೂ ವೇಗದ ವಾಹನದಿಂದ ತನ್ನನ್ನು ತಾನೇ ಪೂರ್ತಿಯಾಗಿ ಕಾಪಾಡಿಕೊಳ್ಳಲಾರದು, ಆ ಭಾರವನ್ನು ಮಗುವಿನ ಮೇಲೆ ಹೊರಿಸಿ ನಾವು ಸುಮ್ಮನಿರುವುದು ಅನ್ಯಾಯ. ಊರಿನವರು ಸೇರಿ ಮಾಡಬಹುದಾದದ್ದು ಬಹಳವಿದೆ. ತೋಟದ ಮಾಲೀಕರಾದ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ಇದು: ಹೆದ್ದಾರಿಗೆ ಸಮಾನಾಂತರವಾಗಿ ಬೇಲಿಯ ಒಳಮಗ್ಗುಲಿನಲ್ಲಿ ಒಂದು ಮೀಟರ್ ಅಗಲದ ಕಾಲುದಾರಿಯನ್ನು ಬಿಟ್ಟುಕೊಡಿ. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಒಪ್ಪಿದರೆ ನಿಮ್ಮ ಮಗಳ ಒಂದೂವರೆ ಕಿಲೋಮೀಟರ್‌ನ ಬಹುಭಾಗ ಹೆದ್ದಾರಿಯಿಂದ ಹೊರಗೆ ಬರುತ್ತದೆ. ನಮ್ಮ ಹಿರಿಯರು ಮನೆಯಿಂದ ಗದ್ದೆಗೆ, ಗದ್ದೆಯಿಂದ ಸಂತೆಗೆ ಓಣಿಗಳಲ್ಲಿಯೇ ನಡೆದವರು. ಬೇಲಿಯಿಂದ ಮುಚ್ಚಿಹೋದ ಅಂಥ ಓಣಿ ಇದ್ದರೆ ಅದನ್ನು ತೆರೆಯುವುದು ಹೊಸ ದಾರಿ ಮಾಡುವುದಕ್ಕಿಂತ ಸುಲಭ. ಕಾಡಾನೆಯ ಓಡಾಟವಿರುವ ಕಡೆ ಮಾತ್ರ ಇದನ್ನು ಯೋಚಿಸಿ ಮಾಡಬೇಕು, ಏಕೆಂದರೆ ಅಲ್ಲಿ ಜನರು ಒಳದಾರಿಯನ್ನು ಬಿಟ್ಟು ಹೆದ್ದಾರಿಯನ್ನು ಹಿಡಿಯುವುದೇ ಆನೆಯ ಭಯದಿಂದ. ಕೆಲಸಗಾರರನ್ನು ಕರೆತರುವ ಪಿಕಪ್ ವಾಹನವು ಅವರನ್ನು ರಸ್ತೆಯಂಚಿನಲ್ಲಿ ಇಳಿಸದೆ ಗೇಟಿನ ಒಳಗೆ ತಂದು ಇಳಿಸಲಿ.

ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯುವಾಗ ನಿಖರವಾಗಿ ಬರೆಯಿರಿ. ಇಂಥ ಬಸ್ ನಿಲ್ದಾಣದಿಂದ ಇಂಥ ತಿರುವಿನವರೆಗೆ ಚರಂಡಿಗೆ ಗಟ್ಟಿಯಾದ ಚಪ್ಪಡಿ ಹೊದಿಸಬೇಕು, ಮಳೆಗಾಲದಲ್ಲಿ ಎರಡು ಬಾರಿ ರಸ್ತೆಬದಿಯ ಕಾಡುಗಿಡ ಕಡಿಸಬೇಕು, ಶಾಲಾ ಭಾಗದ ವೇಗಮಿತಿಯನ್ನು ಇಳಿಸಿ ಫಲಕ ಹಾಕಬೇಕು, ಎಂದು. ಚಪ್ಪಡಿ ಹೊದಿಸಿದ ಚರಂಡಿಯೇ ನಮ್ಮ ಇಕ್ಕಟ್ಟಾದ ರಸ್ತೆಗಳಿಗೆ ದೊರೆಯಬಹುದಾದ ಪಾದಚಾರಿ ಮಾರ್ಗ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ವಿಭಜಕವಿಲ್ಲದ ಇಂಥ ರಸ್ತೆಗಳಲ್ಲಿ ಕಾರಿಗೆ ಗರಿಷ್ಠ 70, ಬಸ್ಸು, ಲಾರಿ ಮತ್ತು ಬೈಕಿಗೆ 60 ಕಿಲೋಮೀಟರ್ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ಅದಕ್ಕಿಂತ ಕಡಿಮೆ ಮಿತಿಯನ್ನು ನಿಗದಿಪಡಿಸಲು ಅವಕಾಶವಿದೆ. ಮಳೆಗಾಲದಲ್ಲಿ ರಸ್ತೆ ಕುಸಿಯದಿರಲೆಂದು ಭಾರಿ ವಾಹನಗಳನ್ನು ನಿರ್ಬಂಧಿಸುವ ಆದೇಶಗಳು ಈ ಜಿಲ್ಲೆಗೆ ಹೊಸದಲ್ಲ. ರಸ್ತೆಯನ್ನು ಉಳಿಸಲು ಆದೇಶ ಹೊರಡಿಸಬಹುದಾದರೆ ನಡೆಯುವವರನ್ನು ಉಳಿಸಲೂ ಹೊರಡಿಸಬಹುದು. ಪಾದಚಾರಿ ಮಾರ್ಗದಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿರುವುದನ್ನೂ ಮನವಿಯಲ್ಲಿ ಸೇರಿಸಿ. ಊರಿನವರೇ ರಾತ್ರೋರಾತ್ರಿ ಹಾಕುವ ಮಣ್ಣಿನ ಉಬ್ಬುಗಳನ್ನು ಮಾತ್ರ ನಾನು ಒಪ್ಪಲಾರೆ. ಮಂಜಿನಲ್ಲಿ ಅದು ಕಾಣದೆ ಮೊದಲು ಬೀಳುವವರು ಬೈಕಿನವರು.

ಪ್ರಶ್ನೆ: ವಯಸ್ಸು 58. ವೈದ್ಯರ ಸಲಹೆಯಂತೆ ದಿನವೂ ಬೆಳಿಗ್ಗೆ ಗೋಣಿಕೊಪ್ಪಲಿನಿಂದ ತಿತಿಮತಿ ಕಡೆಗೆ ಸೈಕಲ್ ತುಳಿಯುತ್ತೇನೆ. ಎದುರಿನ ವಾಹನ ಕಾಣಲೆಂದು ಬಲಬದಿಯಲ್ಲಿ ತುಳಿಯುವುದು ಸುರಕ್ಷಿತವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಡೆಯುವವರ ನಿಯಮ ಸೈಕಲ್ಲಿಗೆ ಹೊಂದುವುದಿಲ್ಲ. ನೀವು 20ರ ವೇಗದಲ್ಲಿ ಎದುರಾದರೆ 60ರಲ್ಲಿ ಬರುವ ಕಾರು ನಿಮ್ಮ ಕಡೆಗೆ 80ರ ವೇಗದಲ್ಲಿ ಬಂದಂತೆ. ಎಡಬದಿಯಲ್ಲಿ ಅದೇ ದಿಕ್ಕಿಗೆ ಹೋಗುತ್ತಿದ್ದರೆ ಆ ಅಂತರ 40 ಮಾತ್ರ, ಚಾಲಕನಿಗೆ ಯೋಚಿಸಲು ಇಮ್ಮಡಿ ಸಮಯ ಸಿಗುತ್ತದೆ. ಅಲ್ಲದೆ ತೋಟದ ಗೇಟಿನಿಂದ ಹೊರಬರುವವರು ನೀವು ಬಲಬದಿಯಲ್ಲಿ ಸೈಕಲ್ ತುಳಿದು ಬರುವುದನ್ನು ನಿರೀಕ್ಷಿಸಿರುವುದಿಲ್ಲ.

ಎಡಬದಿಯಲ್ಲಿ ತುಳಿಯುವಾಗ ಡಾಂಬರಿನ ಕೊನೆಯ ಅಂಚಿಗೆ ಅಂಟಿಕೊಳ್ಳಬೇಡಿ. ಡಾಂಬರು ಮತ್ತು ಮಣ್ಣಿನ ನಡುವಿನ ಮೆಟ್ಟಿಲಿನಂಥ ತಗ್ಗಿಗೆ ಮುಂದಿನ ಗಾಲಿ ಇಳಿದರೆ ಮರಳಿ ಹತ್ತಿಸುವಾಗ ಸೈಕಲ್ ರಸ್ತೆಯ ಒಳಕ್ಕೆ ವಾಲುತ್ತದೆ. ಅಂಚಿನಿಂದ ಎರಡು ಮೂರು ಅಡಿ ಒಳಗೆ, ನೇರವಾದ ಗೆರೆಯಲ್ಲಿ ಸಾಗಿ. ಫ್ರಾನ್ಸ್‌ನಲ್ಲಿ ಊರಿನ ಹೊರಗೆ ಸೈಕಲ್ಲನ್ನು ಹಿಂದಿಕ್ಕುವವರು ಒಂದೂವರೆ ಮೀಟರ್ ಬಿಡಲೇಬೇಕು, ಜರ್ಮನಿಯಲ್ಲಿ ಎರಡು ಮೀಟರ್. ಏಳು ಮೀಟರ್ ಅಗಲದ ನಮ್ಮ ರಸ್ತೆಯಲ್ಲಿ ಎದುರಿನಿಂದ ವಾಹನ ಬರುತ್ತಿರುವಾಗ ಅಷ್ಟು ಜಾಗ ಉಳಿಯುವುದೇ ಇಲ್ಲ. ಆದ್ದರಿಂದ ಕಾರಿನವರು ನಿಮ್ಮ ಹಿಂದೆ ಕೆಲವು ಕ್ಷಣ ಕಾಯಬೇಕು. ಇದನ್ನು ಓದುತ್ತಿರುವ ಚಾಲಕರು ಆ ಕೆಲವು ಕ್ಷಣಗಳನ್ನು ದಯವಿಟ್ಟು ಕೊಡಬೇಕು.

ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಹಗಲಿನಲ್ಲಿಯೂ ಉರಿಯಲಿ, ಏಕೆಂದರೆ ಮರಗಳ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಬರುವ ಚಾಲಕನ ಕಣ್ಣು ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ವಾರಾಂತ್ಯದಲ್ಲಿ ಮುಖ್ಯರಸ್ತೆಯನ್ನು ಬಿಟ್ಟು ಊರೊಳಗಿನ ರಸ್ತೆಗಳನ್ನು ಆರಿಸಿಕೊಳ್ಳಿ. ಮಂಜು ದಟ್ಟವಾಗಿರುವ ದಿನ ಮನೆಯಲ್ಲಿಯೇ ವ್ಯಾಯಾಮ ಮಾಡುವುದು ಒಳ್ಳೆಯದು.

ಪ್ರಶ್ನೆ: ಸಂಜೆ ನಡೆದು ಬರುತ್ತಿದ್ದ ನೆರೆಮನೆಯವರಿಗೆ ವಾಹನವೊಂದು ಬಡಿದು ನಿಲ್ಲಿಸದೆ ಹೋಯಿತು. ಕಾಲು ಮುರಿದಿದೆ. ವಾಹನದ ನಂಬರ್ ಯಾರಿಗೂ ಗೊತ್ತಿಲ್ಲ. ಅವರಿಗೆ ಏನಾದರೂ ಪರಿಹಾರ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಪೊಲೀಸ್ ದೂರು ದಾಖಲಾಗಿರಬೇಕು. ಗುದ್ದಿ ಓಡಿಹೋದ ಪ್ರಕರಣಗಳಿಗೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಗಂಭೀರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ನಿಮ್ಮ ತಾಲ್ಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಎಫ್‌ಐಆರ್ ಮತ್ತು ಆಸ್ಪತ್ರೆಯ ದಾಖಲೆಗಳೊಂದಿಗೆ ಅರ್ಜಿ ಕೊಡಿಸಿ. ಮುಂದೆ ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹೆಚ್ಚಿನ ಪರಿಹಾರ ಕೇಳಬಹುದು. ಆ ಅರ್ಜಿಗೆ ಮೋಟಾರು ವಾಹನ ಕಾಯ್ದೆಯು ಅಪಘಾತದ ದಿನದಿಂದ 6 ತಿಂಗಳ ಗಡುವು ಇಟ್ಟಿರುವುದರಿಂದ ಈಗಲೇ ವಕೀಲರನ್ನು ಕಾಣಿರಿ. ಚಿಕಿತ್ಸೆಯ ವೆಚ್ಚಕ್ಕೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಬಂದಿದ್ದು, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಗುರುತಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ; ಯಾವ ರಸ್ತೆಯಲ್ಲಿ ಅಪಘಾತವಾದರೂ ಇದು ಅನ್ವಯಿಸುತ್ತದೆ.

ರಸ್ತೆಬದಿಯಲ್ಲಿ ಬಿದ್ದವರನ್ನು ಕಂಡು, ಪೊಲೀಸ್ ಕೇಸಿಗೆ ಹೆದರಿ ನಿಲ್ಲಿಸದೆ ಹೋಗುವವರು ಈಗಲೂ ಇದ್ದಾರೆ. ಕಾಯ್ದೆಯ 134ಎ ಕಲಮು ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂಬ ಒತ್ತಾಯವೂ ಇಲ್ಲ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನಿಮ್ಮ ವಾಹನದ ಎಚ್ಚರಿಕೆ ದೀಪಗಳನ್ನು ಉರಿಸಿ ಹಿಂದಿನಿಂದ ಬರುವವರನ್ನು ದೂರದಿಂದಲೇ ಎಚ್ಚರಿಸಿರಿ, ಏಕೆಂದರೆ ತಿರುವಿನ ರಸ್ತೆಯಲ್ಲಿ ಬಿದ್ದವರಿಗೆ ಎರಡನೆಯ ವಾಹನ ಬಡಿಯುವ ಅಪಾಯವೂ ಇರುತ್ತದೆ.