ಗೇಟು ಎತ್ತಿದ ಹೀರೋ, ಬಲೂನಿನಲ್ಲಿ ಸಿಕ್ಕಿಕೊಂಡ ಒತ್ತಕ್ಷರ

ಪ್ರಶ್ನೆ: ನಾನು ಬಿಕಾಂ ಎರಡನೇ ವರ್ಷ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನಮ್ಮದು ಎಡದಂಡೆ ಕಾಲುವೆಯ ಗದ್ದೆ. ಅದನ್ನೇ ಇಟ್ಟುಕೊಂಡು 16 ಪುಟದ ಕಾಮಿಕ್ಸ್ ಮಾಡಿದ್ದೇನೆ. ಹೀರೋ ಹೊಳೆಯೊಳಗಿಂದ ಎದ್ದು ಬಂದು ಗೇಟನ್ನು ಒಂದೇ ಕೈಯಲ್ಲಿ ಎತ್ತಿ ಕೂರಿಸುತ್ತಾನೆ. ಗೆಳೆಯರು ನೋಡಿ ‘ಸೂಪರ್‌ಮ್ಯಾನ್‌ಗೆ ಧೋತರ ಉಡಿಸಿದ್ದೀಯ’ ಅಂದರು. ಜೆರಾಕ್ಸ್ ಮಾಡಿಸಿ ಹಂಚಬೇಕು ಅಂತಿದ್ದೆ, ಈಗ ಧೈರ್ಯ ಸಾಲುತ್ತಿಲ್ಲ. ಮೊದಲ ನಾಲ್ಕು ಪುಟ ಜೊತೆಗಿಟ್ಟಿದ್ದೇನೆ.
– ಗಂಗಾವತಿಯ ಓದುಗ

ಉತ್ತರ: ಹಂಚು ತಮ್ಮಾ. ಸೂಪರ್‌ಮ್ಯಾನ್ ಶುರುವಾಗಿದ್ದೂ ಹೀಗೇ. 1933ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಹೈಸ್ಕೂಲ್ ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ತಾವೇ ಟೈಪ್ ಮಾಡಿ ಸೈಕ್ಲೋಸ್ಟೈಲ್‌ನಂತೆ ಪ್ರತಿ ತೆಗೆದ ಒಂದು ಪುಟ್ಟ ಪತ್ರಿಕೆಯಲ್ಲಿ ಆ ಹೆಸರನ್ನು ಮೊದಲು ಬಳಸಿದರು. ಆ ಕಥೆಯಲ್ಲಿ ಅವನು ಬೋಳುತಲೆಯ ವಿಲನ್! ಆಮೇಲೆ ಅವನನ್ನು ಒಳ್ಳೆಯವನನ್ನಾಗಿ ಮಾಡಿ, ವರ್ಷಗಟ್ಟಲೆ ಬೇಡ ಅನ್ನಿಸಿಕೊಂಡು, ಕೊನೆಗೆ 1938ರಲ್ಲಿ ಅಚ್ಚಾಯಿತು. ಹಕ್ಕನ್ನೆಲ್ಲ ಬರೆದುಕೊಟ್ಟು ಅವರು ತೆಗೆದುಕೊಂಡದ್ದು 130 ಡಾಲರ್. ಪಿಂಚಣಿ ಮತ್ತು ಹೆಸರು ವಾಪಸ್ ಸಿಗುವ ಹೊತ್ತಿಗೆ 1975 ಮುಗಿಯುತ್ತಿತ್ತು. ಅದಕ್ಕೇ ಹೇಳುತ್ತೇನೆ, ಪ್ರತಿ ಪ್ರತಿಯ ಮೇಲೂ ನಿನ್ನ ಹೆಸರು, ಇಸವಿ ಬರಿ. ಯಾರಾದರೂ ಕಾಗದಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡ.

ಈಗ ಪುಟಗಳ ವಿಷಯ. ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ತಪ್ಪು ಧೋತರದಲ್ಲಿಲ್ಲ. ನಾಲ್ಕನೇ ಪುಟಕ್ಕೇ ಗೇಟ್ ಕೂತುಬಿಟ್ಟಿತು. ಇನ್ನು 12 ಪುಟ ಅವನು ಏನು ಮಾಡ್ತಾನೆ, ಹಾರ ಹಾಕಿಸಿಕೊಳ್ತಾನಾ? ನಿಜವಾಗಿ ಆದದ್ದೇ ಇದಕ್ಕಿಂತ ರೋಚಕ ಅಲ್ವಾ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಕಬ್ಬಿಣದ ಅಡ್ಡತಡೆ, ಇಳಿಸಬೇಕು, ಒಂದು ಸಲಕ್ಕೆ ಕೂರುವುದಿಲ್ಲ, ಮೇಲೆ ಕೆಲಸಗಾರರು, ಕೆಳಗೆ ಭೋರ್ಗರೆತ, ಇತ್ತ ದಿನಾ ಡ್ಯಾಮ್ ಖಾಲಿಯಾಗುತ್ತಿದೆ, ಎರಡನೇ ಬೆಳೆ ಏನು ಅಂತ ಸುತ್ತಲ ಜಿಲ್ಲೆಗಳ ರೈತರು ಲೆಕ್ಕ ಹಾಕುತ್ತಿದ್ದಾರೆ. ಮುಗಿಯಲು ಸುಮಾರು ಒಂದು ವಾರ ಹಿಡಿಯಿತು. ನಿನ್ನ ಹೀರೋನ ಕೈಲಿ ಆಗದ ಕೆಲಸ ಯಾವುದು ಅಂತ ಮೊದಲು ಗೊತ್ತುಮಾಡಿಕೋ. 1962ರ ಸ್ಪೈಡರ್‌ಮ್ಯಾನ್ ಇವತ್ತಿಗೂ ನಿಂತಿರುವುದು ಗೋಡೆ ಹತ್ತುವುದರಿಂದ ಅಲ್ಲ. ಹಿಡಿಯಬಹುದಾಗಿದ್ದ ಕಳ್ಳನನ್ನು ಸುಮ್ನೆ ಬಿಟ್ಟ, ಆ ಕಳ್ಳನೇ ಆಮೇಲೆ ಹುಡುಗನ ದೊಡ್ಡಪ್ಪನನ್ನು ಕೊಂದ. ಹುಡುಗ ಸಂಕಟದಲ್ಲಿ ಬಿದ್ದ.

ನಿನ್ನ ಎರಡನೇ ಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕ ಇದೆ ನೋಡು. ಅಜ್ಜಿ ಕಾಲುವೆ ಪಕ್ಕ ನಿಂತು ಕಲ್ಲಿನ ಮೇಲಿನ ನೀರಿನ ಗುರುತಿಗೆ ಟಾರ್ಚ್ ಬಿಡುತ್ತಾಳೆ. ಮಾತಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಅದಕ್ಕೆ ಒಂದು ಇಡೀ ಪುಟ ಕೊಡು.

ಜೆರಾಕ್ಸ್ ಅಂಗಡಿಗೆ ಹೋಗುವ ಮುಂಚೆ: ಪೆನ್ಸಿಲ್ ನೆರಳು ಅಲ್ಲಿ ಮಸಿಯ ಕಲೆಯಾಗುತ್ತದೆ, ನೀಲಿ ಬಾಲ್‌ಪೆನ್ ಪೇಲವ ಬರುತ್ತದೆ, ಕಪ್ಪು ಇಂಕಿನಲ್ಲೇ ತಿದ್ದು. ಅಂಚಿಗೆ ಅರ್ಧ ಇಂಚು ಜಾಗ ಬಿಡು, ಮಿಷನ್ ತಿನ್ನುತ್ತದೆ. ಎ4 ಹಾಳೆ ಮಡಚಿದರೆ ನಾಲ್ಕು ಪುಟ, ಹಾಗಾಗಿ ನಿನ್ನ 16ಕ್ಕೆ ನಾಲ್ಕೇ ಹಾಳೆ, ನಡುವೆ ಎರಡು ಪಿನ್.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಾನು ಬರೆಯುವ ಕಾಮಿಕ್ಸ್‌ನಲ್ಲಿ ಮಾತು ಬಲೂನಿನೊಳಗೆ ಹಿಡಿಸುವುದೇ ಇಲ್ಲ. ಇಂಗ್ಲಿಷಿನವರಿಗೆ ಹೇಗೆ ಹಿಡಿಸುತ್ತದೆ?
– ಸಿಂಧನೂರಿನ ಹುಡುಗಿ

ಉತ್ತರ: ಪುಟ್ಟಿ, ಅವರು ಹೆಚ್ಚಾಗಿ ಬರೀ ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಎಲ್ಲ ಒಂದೇ ಎತ್ತರ, ಇಟ್ಟಿಗೆ ಜೋಡಿಸಿದ ಹಾಗೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಅಂತ ಬರೆದರೆ ಕೆಳಗಿನ ಸಾಲಿನವರ ತಲೆಗೆ ಬಡಿಯುತ್ತದೆ. ಮೊದಲು ಮಾತು ಬರಿ, ಸಾಲಿನ ನಡುವೆ ಜಾಸ್ತಿ ಜಾಗ ಬಿಡು, ಆಮೇಲೆ ಅದರ ಸುತ್ತ ಬಲೂನ್ ಎಳಿ. ಬಹಳ ಜನ ಉಲ್ಟಾ ಮಾಡುತ್ತಾರೆ, ನಾನೂ ಎಷ್ಟೋ ವರ್ಷ ಮಾಡಿದೆ. ಇನ್ನೊಂದು ಉಪಾಯ, ಒತ್ತು ಕಡಿಮೆ ಇರುವ ಮಾತನ್ನೇ ಆರಿಸು. ‘ರಕ್ಷಿಸಿ’ ಬದಲು ‘ಕಾಪಾಡಿ’, ‘ಶೀಘ್ರ’ ಬದಲು ‘ಬೇಗ’. ಮುಳುಗುತ್ತಿರುವವನು ‘ರಕ್ಷಿಸಿ’ ಅಂತ ಯಾವತ್ತಾದರೂ ಕೂಗಿದ್ದಾನಾ? ‘ಬೂಮ್’ ಕೂಡ ಬೇಡ, ನಮ್ಮಲ್ಲಿ ಢಮಾರ್, ದಬಕ್, ಛಟೀರ್ ಬೇಕಾದಷ್ಟಿವೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಸಾಕಾಗಿತ್ತು. ಈಗಿನ ಸೂಪರ್‌ಹೀರೋಗಳಲ್ಲಿ ಹುರುಳಿದೆಯೇ? ಚಿತ್ರದಲ್ಲಿ ಕಥೆ ಹೇಳುವುದು ನಮ್ಮ ಪದ್ಧತಿಯೇ?
– ಬಳ್ಳಾರಿಯ ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಾನೂ ಫ್ಯಾಂಟಮ್ ಓದಿಯೇ ಬೆಳೆದವನು. ಯಾವ ಶಕ್ತಿಯೂ ಇಲ್ಲದ ಮನುಷ್ಯ ಅನ್ನುವುದೇ ಅವನ ಚಂದ, ಅವನು ಬಂದದ್ದು 1936ರಲ್ಲಿ, ಸೂಪರ್‌ಮ್ಯಾನ್‌ಗಿಂತ ಮುಂಚೆ. ಆದರೆ ಈಗ ಮತ್ತೆ ಓದಿದರೆ ಬಿಳಿಯನೊಬ್ಬ ಕಾಡಿನವರಿಗೆಲ್ಲ ದೊಡ್ಡಣ್ಣನಾಗಿ ಸಿಂಹಾಸನದ ಮೇಲೆ ಕೂತಿರುವುದು ಕಣ್ಣಿಗೆ ಚುಚ್ಚುತ್ತದೆ. ಈಗಿನವುಗಳಲ್ಲಿ ಕಾಳು ಜೊಳ್ಳು ಎರಡೂ ಇವೆ, ಜೊಳ್ಳು ಸ್ವಲ್ಪ ಜಾಸ್ತಿ. ಇನ್ನು ಪದ್ಧತಿ ಅಂದಿರಿ, ಹಂಪಿ ನಿಮಗೆ ದೂರವೇನಲ್ಲ. ಹಜಾರರಾಮ ಗುಡಿಯ ಗೋಡೆಗೆ ಪ್ರದಕ್ಷಿಣೆ ಹಾಕಿ, ಚೌಕ ಚೌಕವಾಗಿ ಸಾಲು ಸಾಲು ರಾಮಾಯಣ. ಬಲೂನ್ ಒಂದಿಲ್ಲ ಅಷ್ಟೇ.

ಪ್ರಶ್ನೆ: ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಹೊಡೆದಾಡಿದರೆ ಗೆಲ್ಲುವವರು ಯಾರು?
– ಕುಷ್ಟಗಿಯಿಂದ ನಾಲ್ವರು ಗೆಳೆಯರು

ಉತ್ತರ: ಆ ತಿಂಗಳು ಕಥೆ ಬರೆಯುವವನಿಗೆ ಯಾರು ಇಷ್ಟವೋ ಅವರು.

(ಚಿತ್ರ ಕಳಿಸುವವರು ದಯವಿಟ್ಟು ಜೆರಾಕ್ಸ್ ಪ್ರತಿ ಮಾತ್ರ ಕಳಿಸಿ. ಹೋದ ತಿಂಗಳು ಲಿಂಗಸುಗೂರಿನವರೊಬ್ಬರ ಮೂಲ ಚಿತ್ರದ ಮೇಲೆ ನಮ್ಮ ಮನೆಯ ಚಹಾ ಚೆಲ್ಲಿತು. ಹೀರೋನ ಮುಖ ಉಳಿದಿದೆ, ಕೇಪ್ ಹೋಯಿತು.)